ಅಪ್ಪ ಅರಳಿಸಿದ ಸುಣ್ಣ

ಆಗತಾನೇ ಬೆಳಕು ಹರಿಯುತ್ತಿದೆ. ಹೊಂಗೆಕೊಪ್ಪಲಿನ ಚರ್ಚಿನ ಹಿಂದೆ, ಹುಣಸೆಮರದಿಂದ ಸ್ವಲ್ಪ ಆಚೆಗೆ, ಪ್ರೇಮಲೀಲಾ ಸುಣ್ಣದ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಹಣೆಯ ಮೇಲೆ ವಿಭೂತಿ, ಸೀರೆಯ ಮೇಲೊಂದು ಗಂಡಸರ ಹಳೇ ಅಂಗಿ. ಮುಚ್ಚಳ ತೆಗೆದ ಗುಂಡಿಯಲ್ಲಿ ಸುಣ್ಣದ ಮೇಲೆ ಒಂದು ಗೇಣು ತಿಳಿನೀರು ನಿಂತಿದೆ. ಮುಚ್ಚಳದ ಸಂದಿಯಿಂದ ನೀರಿಗೆ ಉದುರಿದ ಹುಣಸೆ ಎಲೆಗಳನ್ನು ಪಕ್ಕಕ್ಕೆ ಸರಿಸಿ, ಕೊಬ್ಬರಿ ಎಣ್ಣೆ ಸವರಿದ ಕೈಯನ್ನು ಮೊಣಕೈವರೆಗೂ ಇಳಿಸುತ್ತಾರೆ. ತಳದಿಂದ ಒಂದು ಹಿಡಿ ಸುಣ್ಣ ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡುತ್ತಾರೆ. ಬೆರಳಿಗೆ ಮರಳು ಸಿಕ್ಕಂತೆ ಆಗಬಾರದು, ಬೆಣ್ಣೆಯಂತೆ ಜಾರಬೇಕು.

"ಇನ್ನೂ ಎಳೇದು ಕಣ್ರೀ. ಹೋದ ತಿಂಗಳು ಅರಳಿಸಿದ್ದಲ್ವಾ? ಇದಕ್ಕೆ ಬುದ್ಧಿ ಬರೋಕೆ ದೀಪಾವಳಿ ಆಗ್ಬೇಕು," ಎನ್ನುತ್ತಾ ಕೈಯನ್ನು ಅದೇ ನೀರಿನಲ್ಲಿ ತೊಳೆದು ಏಳುತ್ತಾರೆ. ಪಕ್ಕದಲ್ಲಿ ಇನ್ನೊಂದು ಗುಂಡಿ ಇದೆ, ಇದಕ್ಕಿಂತ ಚಿಕ್ಕದು. ಅದರ ಮುಚ್ಚಳವನ್ನೂ ಎತ್ತಿ ಒಂದು ಸಲ ನೋಡಿ ಮುಚ್ಚುತ್ತಾರೆ. ಎರಡು ಗುಂಡಿ ಯಾಕೆ ಎಂದು ಕೇಳಿದರೆ, "ಅದೊಂದು ದೊಡ್ಡ ಕಥೆ. ಮೊದ್ಲು ಕಾಫಿ ಕುಡೀರಿ," ಎಂದು ನಗುತ್ತಾರೆ.

ಮೈಸೂರಿಗೆ ಬಂದವರೆಲ್ಲ ಅರಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹಿಂದೆ ಕಾಣುವ ಗೋಡೆಗೆ ಗಾರೆ ಮೆತ್ತಿದವರು ಯಾರು ಎಂದು ಕೇಳಿದವರು ಮಾತ್ರ ಈವರೆಗೆ ಕಣ್ಣಿಗೆ ಬಿದ್ದಿಲ್ಲ. ಐವತ್ತೆರಡರ ಪ್ರೇಮಲೀಲಾ ಅಂಥದ್ದೇ ಹಳೆಯ ಗೋಡೆಗಳ ಕೆಲಸದವರು. ಸುಣ್ಣ, ಮರಳು, ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ಕಷಾಯ ಸೇರಿಸಿ ಅರೆದ ಹಳೇ ಕಾಲದ ಗಾರೆಯನ್ನು ಗೋಡೆಗೆ ಹಾಕುವುದು, ಅದರ ಮೇಲೆ ಬರೀ ಸುಣ್ಣದ ತೆಳು ಲೇಪ ಕೊಟ್ಟು ನುಣುಪಾದ ಕಲ್ಲಿನಿಂದ ಕನ್ನಡಿಯಷ್ಟು ಹೊಳೆಯುವವರೆಗೂ ತಿಕ್ಕುವುದು ಅವರ ಕಸುಬು. ಎರಡು ವರ್ಷದಿಂದ ಅವರು ಈ ಚರ್ಚಿನಲ್ಲಿದ್ದಾರೆ.

ಹೊಂಗೆಕೊಪ್ಪಲು ಒಂದು ಕಾಲಕ್ಕೆ ಊರು. ಸಿದ್ಧಾರ್ಥನಗರ ಈ ಕಡೆಯಿಂದ, ರಿಂಗ್ ರಸ್ತೆ ಆ ಕಡೆಯಿಂದ ಬೆಳೆದು ಈಗದು ಮೈಸೂರಿನ ಹೊಟ್ಟೆಯೊಳಗೆ ಸೇರಿದೆ. ಆದರೂ ಇಲ್ಲಿನವರು ಬಸ್ಸು ಹತ್ತುವಾಗ ಇವತ್ತಿಗೂ "ಮೈಸೂರಿಗೆ ಹೋಗ್ಬರ್ತೀನಿ" ಎಂದೇ ಹೇಳುತ್ತಾರೆ. ಊರಿನ ನಡುವೆ ಲೂರ್ದು ಮಾತೆಯ ಚರ್ಚು. ನೂರ ಮೂವತ್ತು ವರ್ಷದ ಹಿಂದೆ ಒಬ್ಬ ಫ್ರೆಂಚ್ ಪಾದ್ರಿ ಕಟ್ಟಿಸಿದ್ದು ಎಂಬುದು ಊರಿನ ಮಾತು. ಕೆರೆಯ ಮಣ್ಣಿನಲ್ಲಿ ಇಟ್ಟಿಗೆ ಸುಟ್ಟದ್ದು, ಹೊತ್ತದ್ದು, ಜೋಡಿಸಿದ್ದು ಮಾತ್ರ ಹೊಂಗೆಕೊಪ್ಪಲಿನವರೇ. ಪಾದ್ರಿಯ ಹೆಸರು ಬಾಗಿಲ ಮೇಲಿನ ಕಲ್ಲಿನಲ್ಲಿದೆ, ಉಳಿದವರದ್ದು ಎಲ್ಲೂ ಇಲ್ಲ.

ಮೂವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು, ಒಳ್ಳೆಯ ಮನಸ್ಸಿನಿಂದಲೇ, ಹೊರಗೋಡೆಗೆ ಸಿಮೆಂಟು ಮೆತ್ತಿಸಿದರು. ಅಲ್ಲಿಂದ ಗೋಡೆಯ ಉಸಿರು ಕಟ್ಟಿತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೆ ತಿರುಗಿತು. ಒಂದು ಭಾನುವಾರ ಪ್ರವಚನ ನಡೆಯುತ್ತಿದ್ದಾಗಲೇ ಪೀಠದ ಹಿಂದಿನ ಗೋಡೆಯಿಂದ ಒಂದು ಹೆಂಚಿನಗಲದ ಗಾರೆ ಕಳಚಿ ಮೇಣದ ಬತ್ತಿಗಳ ಮೇಲೆ ಬಿತ್ತು. ಕೆಡವಿ ಕಾಂಕ್ರೀಟಿನದು ಕಟ್ಟೋಣ ಎಂದರು ಕೆಲವರು. ನಮ್ಮ ತಾತಂದಿರು ಹೊತ್ತ ಇಟ್ಟಿಗೆ, ಮುಟ್ಟಕೂಡದು ಎಂದರು ಇನ್ನು ಕೆಲವರು. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು ಕೊನೆಗೆ ಎರಡನೆಯವರು ಗೆದ್ದರು. ಆಗ ಈ ಧರ್ಮಕೇಂದ್ರದ ಫಾದರ್ ಚೌರಪ್ಪ ಹುಡುಕಿಕೊಂಡು ಹೋದದ್ದು ಪ್ರೇಮಲೀಲಾ ಅವರ ತಂದೆ ಪ್ರಭುಸ್ವಾಮಿಯವರನ್ನು.

ಪ್ರಭುಸ್ವಾಮಿ ದೇವರಾಜ ಮೊಹಲ್ಲಾದವರು. ಮನೆತನದ್ದು ಬೇಳೆಕಾಳಿನ ಅಂಗಡಿ. ಮಠದ ಹಳೇ ಕಟ್ಟಡದ ರಿಪೇರಿಗೆ ಬಂದ ಮೇಸ್ತ್ರಿಯ ಹಿಂದೆ ಬಿದ್ದು, ಹದಿನಾರನೇ ವಯಸ್ಸಿಗೆ ಕರಣೆ ಹಿಡಿದರು. ಗಾದಿಯ ಮೇಲೆ ಕೂರಬೇಕಾದವನು ಗಾರೆ ಕಲಸುತ್ತಾನಲ್ಲ ಎಂದು ನೆಂಟರು ಆಡಿಕೊಂಡರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಪ್ರಭುಸ್ವಾಮಿಯವರಿಗೆ ಮೊಸರು ಸಿಕ್ಕಿದ್ದು ಅಷ್ಟಕ್ಕಷ್ಟೆ. ಒಮ್ಮೆ ಸಿಡಿದ ಸುಣ್ಣ ಎಡಗಣ್ಣನ್ನು ತಿಂದಿತು. ವಯಸ್ಸು ಬಲಗಣ್ಣನ್ನೂ ಮಂಜು ಮಾಡಿತು.

ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಮಗಳು ಅಲ್ಲೇ ನಿಂತು ನೋಡುತ್ತಿದ್ದಳು. ಹೆಂಗಸರು ಗಾರೆ ಹೊರಬಹುದು, ಬೊಂಬಿನ ಸಾರುವೆ ಹತ್ತಿ ಗೋಡೆ ಮುಟ್ಟುವಂತಿಲ್ಲ ಎಂಬುದು ಆಗಿನ ಕಟ್ಟಳೆ. "ಅಪ್ಪ ಊಟಕ್ಕೆ ಕೂತಾಗ ನಾನು ಕದ್ದು ಹತ್ಬುಡ್ತಿದ್ದೆ. ಒಂದಿನ ಊಟ ಅರ್ಧಕ್ಕೆ ಬಿಟ್ಟು ಬಂದು ನಾನು ತಿಕ್ಕಿದ್ದ ಜಾಗದ ಮೇಲೆ ಕೈ ಆಡಿಸಿದ್ರು. ಬೈತಾರೆ ಅಂದ್ಕೊಂಡೆ. 'ಕಲ್ಲು ಅಷ್ಟು ಒತ್ತಬೇಡ ಮಗ' ಅಂದ್ರು, ಅಷ್ಟೇ. ಅವತ್ತಿಂದ ಕಟ್ಟಳೆ ಗಿಟ್ಟಳೆ ಎಲ್ಲ ಮುಗೀತು," ಎನ್ನುತ್ತಾರೆ ಪ್ರೇಮಲೀಲಾ. ಶ್ರೀರಂಗಪಟ್ಟಣದ ಹೊಳೆಯಿಂದ ಅಪ್ಪ ಆರಿಸಿ ತಂದಿದ್ದ ಆ ಕಪ್ಪು ಕಲ್ಲು ಈಗ ಅವರ ಸೊಂಟದ ಚೀಲದಲ್ಲಿದೆ. ತಿಕ್ಕಿ ತಿಕ್ಕಿ ಒಂದು ಮಗ್ಗುಲು ಚಪ್ಪಟೆಯಾಗಿದೆ.

ನಡುವೆ ಸುಣ್ಣದ ಗಾರೆಯನ್ನು ಕೇಳುವವರೇ ಇಲ್ಲದ ಕಾಲವೂ ಬಂತು. ಆಗ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುವ ಮನೆಗಳ ಬಚ್ಚಲಿಗೆ ಟೈಲ್ಸ್ ಕೂರಿಸಿ ಸಂಸಾರ ತೂಗಿಸಿದರು. ಗಂಡ ಸಿಟಿ ಬಸ್ಸಿನ ಚಾಲಕ, ಬೆಳಗಿನ ಪಾಳಿ. ಮನೆಯಲ್ಲಿ ಮೊದಲು ಎದ್ದವರು ಅಡುಗೆ ಮಾಡುವುದು ಇಬ್ಬರ ಒಪ್ಪಂದ. "ಅವರು ಅಲಾರಾಂ ಆಫ್ ಮಾಡಿ ಮಲಗಿರ್ತಾರೆ, ನಾನು ಏಳ್ಲಿ ಅಂತ. ನಾನೇನು ಕಮ್ಮಿ? ನಾನೂ ಮಲಗಿರ್ತೀನಿ!"

ಚರ್ಚಿನ ಕೆಲಸ ಶುರುವಾದಾಗ ಮೊದಲು ನಡೆದದ್ದು ಪೀಠದ ಹಿಂದಿನ ಗೋಡೆಯನ್ನು ಕೆರೆಯುವುದು. ತೇವ ತಿಂದದ್ದನ್ನು ಕೆರೆದು ತೆಗೆಯಬೇಕು, ಗಟ್ಟಿ ಇದ್ದದ್ದನ್ನು ಹಾಗೇ ಬಿಡಬೇಕು. ಒಂದೊಂದು ತಲೆಮಾರು ಒಂದೊಂದು ಲೇಪ ಕೊಟ್ಟು ಅಲ್ಲಿ ಪದರದ ಮೇಲೆ ಪದರ ಕೂತಿತ್ತು. ಎಲ್ಲವೂ ಹಾಲುಬಿಳುಪು. ನಡುವಿನ ಒಂದು ಮಾತ್ರ ತಿಳಿನೀಲಿ. ಮೇಲೆ ಬಳಿದ ಬಣ್ಣವಲ್ಲ, ಸುಣ್ಣದೊಳಗೇ ಬೆರೆತದ್ದು.

ಯಾಕೆಂದು ಯಾರಿಗೂ ಗೊತ್ತಿಲ್ಲ. ಮಾತೆಯ ನಡುಪಟ್ಟಿ ನೀಲಿ, ಅದಕ್ಕಿರಬೇಕು ಎಂದರು ಫಾದರ್. ಪ್ರಭುಸ್ವಾಮಿಯವರ ಜೊತೆ ಮೂವತ್ತು ವರ್ಷ ಗಾರೆ ಕಲಸಿದ ದೊರೆಸ್ವಾಮಿ, ಸುಣ್ಣ ಕೆಟ್ಟಿರಬೇಕು ಎಂದರು. ಪ್ರಭುಸ್ವಾಮಿ ಒಂದು ಚೂರನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಬೇಕೂಂತ ಬೆರೆಸೋನು ಒಂದೇ ಸಮ ಬೆರೆಸ್ತಾನೆ. ಇಲ್ಲಿ ನೋಡು, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಏನೋ ಆಗಿದೆ ಮಗ," ಎಂದರು. ಏನಾಯಿತು ಎಂದು ಅವರಿಗೂ ತಿಳಿಯಲಿಲ್ಲ. ಮಗಳು ಆ ಚೂರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಹೋದ ವರ್ಷ ಮೇ ತಿಂಗಳಲ್ಲಿ, ಪೀಠದ ಗೋಡೆಯ ಕೊನೆಯ ಲೇಪಕ್ಕೆಂದು ಹುಣಸೆಮರದ ಹತ್ತಿರ ಗುಂಡಿ ತೋಡಿಸಿ, ಸುಟ್ಟ ಸುಣ್ಣದ ಕಲ್ಲು ತುಂಬಿಸಿ, ಪ್ರಭುಸ್ವಾಮಿ ತಾವೇ ಮುಂದಿದ್ದು ನೀರು ಬಿಡಿಸಿದರು. ನಿಲ್ಲುವ ಶಕ್ತಿ ಇರಲಿಲ್ಲ, ಕುರ್ಚಿ ಹಾಕಿಸಿಕೊಂಡಿದ್ದರು. ಕಲ್ಲು ಕೊತಕೊತ ಕುದಿದು ಅರಳುವ ಸದ್ದನ್ನು ಕಿವಿಯಲ್ಲೇ ಕೇಳಿ, ಈಗ ನೀರು, ಈಗ ಸಾಕು, ಈಗ ಕಲಕು ಎಂದು ಹೇಳುತ್ತಿದ್ದರು. ಸಂಜೆ ಗುಂಡಿ ತಣ್ಣಗಾದ ಮೇಲೆ ಹೇಳಿದ್ದು ಒಂದೇ ಮಾತು: "ಇದು ಪೂಜೆ ಗೋಡೆಗೆ. ಚಳಿಗಾಲ ಕಳೆಯೋವರ್ಗೂ ಮುಟ್ಬೇಡಿ."

ಆಷಾಢದಲ್ಲಿ ಅವರು ತೀರಿಕೊಂಡರು.

ಆಮೇಲೆ ಪ್ರೇಮಲೀಲಾ ಬೇರೆ ಗೋಡೆಗಳಿಗೆಲ್ಲ ಶೆಡ್ಡಿನ ಡ್ರಮ್ಮುಗಳಲ್ಲಿ ನೆನೆಸಿದ ಸುಣ್ಣವನ್ನೇ ಬಳಸಿದರು. ಅಪ್ಪನ ಗುಂಡಿಯ ನೀರು ಆರದಂತೆ ನೋಡಿಕೊಂಡದ್ದು ಬಿಟ್ಟರೆ ಅದನ್ನು ಮುಟ್ಟಲಿಲ್ಲ. ಫೆಬ್ರವರಿ ಹನ್ನೊಂದು ಲೂರ್ದು ಮಾತೆಯ ಹಬ್ಬ. ಅಷ್ಟರೊಳಗೆ ಪೀಠದ ಗೋಡೆಯನ್ನು ಅಪ್ಪನ ಸುಣ್ಣದಲ್ಲೇ ಮುಗಿಸಬೇಕು, ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಡ್ರಮ್ಮಿನ ಹೊಸ ಸುಣ್ಣದಲ್ಲಿ ಆ ಲೇಪ ಆಗದು, ಒಣಗಿದ ಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಇನ್ನು ಅಪ್ಪನ ಕೈಯ ಸುಣ್ಣ ಎಂಬುದು ಲೋಕದಲ್ಲಿ ಉಳಿದಿದ್ದದ್ದು ಆ ಒಂದು ಗುಂಡಿಯಲ್ಲಿ ಮಾತ್ರ.

ಹಬ್ಬಕ್ಕೆ ಹತ್ತು ದಿನವಿರುವಾಗಿನ ಶನಿವಾರ ಅವರು ಅಳಲೆಕಾಯಿ ತರಲು ದೇವರಾಜ ಮೊಹಲ್ಲಾದ ಗ್ರಂಧಿಗೆ ಅಂಗಡಿಗೆ ಹೋದರು. ಭಾನುವಾರ ರಜ. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಗುಂಡಿಯಲ್ಲಿ ನೀರಿಲ್ಲ, ಸುಣ್ಣವೂ ಇಲ್ಲ. ತಳದಲ್ಲಿ ಸೌಟಿನಿಂದ ಬಳಿದ ಗೆರೆಗಳು, ಮೂಲೆಯಲ್ಲಿ ಒಂದೆರಡು ಬೊಗಸೆಯಷ್ಟು ಉಳಿಕೆ.

"ಸುಣ್ಣ ಯಾರು ಕದೀತಾರೆ? ಬಂಗಾರಾನಾ ಅದು? ಆಚೆ ಓಡಿ ಬಂದು ನೋಡಿದ್ರೆ ಬೀದಿಗೆ ಬೀದಿನೇ ಫಳಫಳ ಅಂತಿದೆ. ಎಲ್ಲರ ಮನೆ ಮುಂದಿನ ಗೋಡೆಗೂ ಸುಣ್ಣ! ಕಳ್ಳತನ ಆಗಿದ್ರೆ ಬಾಯಿಗೆ ಬಂದಂಗೆ ಬೈಬೋದಿತ್ತು. ಇವ್ರು ನನ್ನ ನೋಡಿ, ಬಾರಮ್ಮ, ಹೆಂಗದೆ ನೋಡು ಅಂತ ಕರೀತಾವ್ರೆ!"

ನಡೆದದ್ದನ್ನು ಬಿಡಿಸಿ ಹೇಳಿದವರು ಜ್ಞಾನಮ್ಮ. ಎಂಬತ್ತು ದಾಟಿದ ಈ ಅಜ್ಜಿಯ ಮನೆ ಚರ್ಚಿನ ಎದುರಿಗೇ ಇದೆ. ಹಿಂದೆ ಚರ್ಚಿನ ಹಿತ್ತಲಲ್ಲಿ ಹೀಗೇ ಒಂದು ಗುಂಡಿ ಇತ್ತಂತೆ. ಹಬ್ಬ ಹತ್ತಿರ ಬಂದಾಗ ಒಂದು ಶನಿವಾರ, ಸಂಜೆಯ ಜಪ ಮುಗಿದ ಮೇಲೆ, ಮನೆಗೊಂದು ಪಾತ್ರೆಯಂತೆ ಊರವರೆಲ್ಲ ಬಂದು ಸುಣ್ಣ ಒಯ್ಯುವುದು ಪದ್ಧತಿ. ಕ್ರೈಸ್ತರೇ ಆಗಬೇಕೆಂದಿಲ್ಲ, ಕೊಪ್ಪಲಿನ ಎಲ್ಲ ಮನೆಗೂ ಅದು "ಅಮ್ಮನ ಸುಣ್ಣ". ಮೆರವಣಿಗೆ ಬರುವಾಗ ಯಾರ ಮನೆಯ ಗೋಡೆಯೂ ಮಾಸಿರಬಾರದು. ಡಿಸ್ಟೆಂಪರ್ ಬಂತು, ಗುಂಡಿ ಮುಚ್ಚಿ ಅದರ ಮೇಲೆ ನೀರಿನ ತೊಟ್ಟಿ ಕಟ್ಟಿದರು, ಪದ್ಧತಿ ನಿಂತುಹೋಯಿತು.

"ಮತ್ತೆ ಗುಂಡಿ ತೆಗ್ದಿದ್ ನೋಡಿ ನಂಗೆಷ್ಟು ಸಂತೋಷ ಆಯ್ತು ಗೊತ್ತಾ? ಅಮ್ಮನ ಸುಣ್ಣ ವಾಪಸ್ ಬಂತು ಕಣ್ರವ್ವಾ, ಬನ್ರವ್ವಾ ಅಂತ ನಾನೇ ಮನೆಮನೆಗೂ ಹೋಗಿ ಸಾರ್ಬುಟ್ಟೆ," ಎನ್ನುತ್ತಾರೆ ಜ್ಞಾನಮ್ಮ, ಈಗಲೂ ಸ್ವಲ್ಪ ನಾಚಿಕೆಯಿಂದ. ಫಾದರ್ ಕೂಡ ಜನ ಸಾಲುಗಟ್ಟಿ ನಿಂತಿದ್ದನ್ನು ಕಂಡಿದ್ದರು. ಪ್ರೇಮಲೀಲಾ ಅವರೇ ಕೊಡಿಸುತ್ತಿರಬೇಕು ಎಂದುಕೊಂಡು ಒಳಗೆ ಹೋಗಿದ್ದರು.

ಅವತ್ತು ಪ್ರೇಮಲೀಲಾ ಊಟ ಮಾಡಲಿಲ್ಲ. "ಸಾಮಾನು ಕಟ್ಟಿ ದೊರೆಯಣ್ಣ, ಹೊರಡೋಣ," ಎಂದರು. ದೊರೆಸ್ವಾಮಿ ಮೊದಲ ಬಾರಿಗೆ ಅವರ ಮಾತು ಕೇಳದೆ ಬೀಡಿ ಹಚ್ಚಿಕೊಂಡು ಕೂತರು. ಮಧ್ಯಾಹ್ನ ಜ್ಞಾನಮ್ಮ ಹಬ್ಬಕ್ಕೆ ಕರಿದ ಕಜ್ಜಾಯ ಹಿಡಿದು ಬಂದಾಗ ಪ್ರೇಮಲೀಲಾ ತಟ್ಟೆಯನ್ನು ಮುಟ್ಟಲಿಲ್ಲ. "ಅದು ನಮ್ಮಪ್ಪ ಅರಳಿಸಿದ್ದು ಅಜ್ಜಿ. ಅವ್ರು ಹೋಗ್ಬುಟ್ರು. ಇನ್ನು ಅಂಥದ್ದು ಬೇಕು ಅಂದ್ರೆ ನಾನು ಎಲ್ಲಿಂದ ತರ್ಲಿ?" ಎಂದರು. ಅಷ್ಟು ಹೇಳುವಾಗ ಅಳು ಬಂತು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ ಎನ್ನುತ್ತಾರೆ ಅವರು.

ಜ್ಞಾನಮ್ಮ ಮನೆಗೆ ಹೋಗಿ ಹಿತ್ತಲಗೋಡೆಗೆಂದು ಉಳಿಸಿಕೊಂಡಿದ್ದ ಅರ್ಧ ಬಕೆಟ್ ಸುಣ್ಣ ತಂದು ಚರ್ಚಿನ ಮೆಟ್ಟಿಲ ಮೇಲಿಟ್ಟರು. ಆಮೇಲೆ ಮತ್ತೆ ಮನೆಮನೆಗೂ ಹೋದರು. ಊರಿಗೆ ಊರೇ ಆಸೆಗೆ ಬಿದ್ದು ಬೇಕಾದ್ದಕ್ಕಿಂತ ಹೆಚ್ಚೇ ಒಯ್ದಿತ್ತು, ಅದೇ ಒಳ್ಳೆಯದಾಯಿತು. ಸಂಜೆಯ ಹೊತ್ತಿಗೆ ಬಕೆಟ್ಟು, ತಪ್ಪಲೆ, ಪೇಂಟಿನ ಡಬ್ಬ, ಒಂದು ಹಳೇ ಹಿತ್ತಾಳೆ ಕೊಳಗ, ಹೀಗೆ ಮೆಟ್ಟಿಲ ತುಂಬ ಪಾತ್ರೆಗಳು. ಪ್ರೇಮಲೀಲಾ ಒಂದೊಂದನ್ನೂ ಬೆರಳಿಟ್ಟು ನೋಡಿದರು. ಅಂಟು, ಗೋಂದು ಹಾಕಿದ್ದನ್ನು ಪಕ್ಕಕ್ಕಿಟ್ಟರು. ಉಳಿದದ್ದೆಲ್ಲ ಸರಿಯಿತ್ತು, ಒಂದು ವಿಷಯ ಬಿಟ್ಟು.

ಎಲ್ಲದರಲ್ಲೂ ನೀಲಿ ಇತ್ತು. ಬಟ್ಟೆಗೆ ಹಾಕುವ ನೀಲಿ. ಸುಣ್ಣ ಬಳಿಯುವಾಗ ಚಿಟಿಕೆ ನೀಲಿ ಬೆರೆಸದ ಮನೆ ಈ ಸೀಮೆಯಲ್ಲಿ ಉಂಟೆ? "ನೀಲಿ ಹಾಕ್ದೆ ಬಳುದ್ರೆ ಗೋಡೆ ಬೋಳ್ ಬೋಳಾಗಿ ಕಾಣಲ್ವಾ?" ಎಂದು ಜ್ಞಾನಮ್ಮನೇ ಕೇಳಿದರು. ಒಬ್ಬರು ಜಾಸ್ತಿ ಹಾಕಿದ್ದರು, ಒಬ್ಬರು ಕಮ್ಮಿ.

ಪ್ರೇಮಲೀಲಾ ಹಿತ್ತಾಳೆ ಕೊಳಗದೊಳಗೆ ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಕಿಟಕಿಯ ಕಟ್ಟೆಯ ಮೇಲಿದ್ದ ಆ ಹಳೇ ಚೂರು ತಂದು, ಕೊಳಗದ ಅಂಚಿನಲ್ಲಿ ಒಣಗಿ ಅಂಟಿದ್ದ ಸುಣ್ಣದ ಪಕ್ಕ ಹಿಡಿದರು. ಅದೇ ತಿಳಿನೀಲಿ. ಇಲ್ಲಿ ಜಾಸ್ತಿ, ಅಲ್ಲಿ ಕಮ್ಮಿ.

"ನಂಗೆ ನಗು ತಡ್ಕೊಳಕ್ಕೇ ಆಗ್ಲಿಲ್ಲ ಕಣ್ರೀ. ಅಳ್ತಿದ್ದೋಳು ನಗೋಕೆ ಶುರು ಮಾಡಿದ್ರೆ ದೊರೆಯಣ್ಣ ಗಾಬರಿ ಆಗ್ಬುಟ್ರು. ಯಾವ ಕಾಲದ ಮೇಸ್ತ್ರಿಯೋ, ಪಾಪ. ಅವನ ಗುಂಡೀನೂ ಇವ್ರು ಹಿಂಗೇ ಬಳ್ಕೊಂಡು ಹೋಗಿರ್ಬೇಕು. ಅವನೂ ಹಿಂಗೇ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ಬೇಕು!"

ಇದಕ್ಕೆ ಯಾವ ಪುರಾವೆಯೂ ಇಲ್ಲ. ಫಾದರ್ ಚೌರಪ್ಪ ಇದು ಬರೀ ಊಹೆ ಎಂದೇ ಹೇಳುತ್ತಾರೆ, ಆದರೆ ಹೇಳುವಾಗ ಅವರೂ ನಗುತ್ತಾರೆ. ಏನೇ ಇರಲಿ, ಕೆಲಸ ಮತ್ತೆ ಶುರುವಾಯಿತು. ಮರಳಿ ಬಂದ ಸುಣ್ಣವನ್ನೆಲ್ಲ ಒಂದೇ ತೊಟ್ಟಿಗೆ ಸುರಿದು, ತಳ ಕಟ್ಟಲು ಬಿಟ್ಟು, ಮೇಲಿನ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರು. ಗುಂಡಿಯ ಮೂಲೆಯಲ್ಲಿ ಉಳಿದಿದ್ದ ಬೊಗಸೆಯನ್ನೂ ಸೇರಿಸಿದರು. ಜಾಣತನದಿಂದ ಹಚ್ಚಿದರೆ ಗೋಡೆಗೆ ಸಾಕಾಗುವಷ್ಟಿತ್ತು, ಚೂರೂ ಹೆಚ್ಚಿಲ್ಲ.

ಹೊಳಪಿನ ಲೇಪವನ್ನು ಒಂದೇ ಏಟಿಗೆ ಮುಗಿಸಬೇಕು. ನಡುವೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಎರಡೂ ಕೂಡಿದ ಜಾಗದಲ್ಲಿ ಗೆರೆ ಉಳಿಯುತ್ತದೆ, ಆ ಗೆರೆ ಯಾವ ಕಾಲಕ್ಕೂ ಹೋಗದು. ಒಂದು ಬೆಳಗ್ಗೆ ಸಾರುವೆ ಹತ್ತಿದ ಪ್ರೇಮಲೀಲಾ ದೀಪ ಹಚ್ಚುವ ಹೊತ್ತಿಗೆ ಇಳಿದರು. ಕೆಳಗಿನಿಂದ ದೊರೆಸ್ವಾಮಿ ಸುಣ್ಣ ಕೊಡುತ್ತಾ ಹೋದರು. ಜ್ಞಾನಮ್ಮ ಬೆಂಚಿನ ಮೇಲೆ ಕೂತು ಜಪಸರ ಎಣಿಸಿದರು. ಜಪ ಗೋಡೆಗೋ ದಿನವಿಡೀ ನಿಂತೇ ಇದ್ದ ಪ್ರೇಮಲೀಲಾ ಅವರ ಮಂಡಿಗೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತಾರೆ.

ಹಬ್ಬದ ಬೆಳಗ್ಗೆ ಜನ ಒಳಗೆ ಬಂದಾಗ ಗೋಡೆ ಒಣಗಿ ಬಣ್ಣ ತೋರಿತ್ತು. ಬಿಳುಪಿನೊಳಗೆ ಒಂದು ತೆಳುವಾದ ನೀಲಿ, ಎಡಕ್ಕೆ ತುಸು ಗಾಢ, ಬಲಕ್ಕೆ ತಿಳಿ. ಮೇಣದ ಬತ್ತಿಗಳು ಅದರಲ್ಲಿ ಇನ್ನೊಂದು ಸಾಲಾಗಿ ಕಂಡವು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಊರಲ್ಲೂ ಇರುತ್ತಾರೆ. ಪೀಠದ ಗೋಡೆ ಅಚ್ಚ ಬಿಳುಪೇ ಇರಬೇಕಿತ್ತು ಎಂದು ಇಬ್ಬರು ಮೂವರು ಗೊಣಗಿದರು. ಹೊಸ ಸುಣ್ಣ ಹದಕ್ಕೆ ಬಂದ ಮೇಲೆ ಬೇಕಾದರೆ ಮತ್ತೊಂದು ಬಿಳಿ ಲೇಪ ಕೊಡೋಣವೇ ಎಂದು ಫಾದರ್ ಮೆಲ್ಲಗೆ ಕೇಳಿದರು. ಬೇಡ ಫಾದರ್ ಎಂದರು ಪ್ರೇಮಲೀಲಾ.

ಸಂಜೆ ಮೆರವಣಿಗೆಯ ಹಿಂದೆ ಅವರೂ ನಡೆದರು. ದೇವರ ಮೇಲಿನ ಭಕ್ತಿಗಲ್ಲ, ಬೀದಿ ನೋಡಲು. "ನಮ್ಮಪ್ಪ ಜೀವಮಾನ ಎಲ್ಲ ದೊಡ್ಡೋರ ಗೋಡೆಗೆ ಗಾರೆ ಹಾಕಿದ್ರು. ಅವ್ರ ಸುಣ್ಣ ಒಂದು ಬೀದಿ ಉದ್ದಕ್ಕೂ, ಹಟ್ಟಿ ಬಾಗಿಲಿಗೂ, ದನದ ಕೊಟ್ಟಿಗೆಗೂ ಬಿದ್ದಿದ್ದು ಅವತ್ತೇ. ಕೋಪ ಎಲ್ಲ ಇಳಿದೋಯ್ತು. ಒಂದು ಗೋಡೇಲಿ ಅಪ್ಪನ್ನ ಕಟ್ಟಾಕ್ಬೇಕು ಅಂತ ನಾನು ಹೊಂಟಿದ್ದೆ, ಅವ್ರು ಊರೆಲ್ಲ ಸುತ್ತಾಡ್ಕೊಂಡು ಬಂದವ್ರೆ."

ಕಾಫಿ ಮುಗಿದಿದೆ. ಪ್ರೇಮಲೀಲಾ ಇವತ್ತು ಗಂಟೆಗೋಪುರದ ಹೊರಗೋಡೆಯ ಸಿಮೆಂಟು ಕೀಳಬೇಕು. ಎರಡನೆಯ ಗುಂಡಿಯ ಗುಟ್ಟು ಈಗ ಕೇಳದೆಯೇ ಗೊತ್ತಾಗಿದೆ. ದೊಡ್ಡದು ಚರ್ಚಿಗೆ, ಚಿಕ್ಕದು ಊರಿಗೆ. ಬರುವ ವರ್ಷದ ಹಬ್ಬಕ್ಕೆ ಚಿಕ್ಕದರಿಂದ ಯಾರು ಬೇಕಾದರೂ ಹೇಳದೆ ಕೇಳದೆ ಬಳಿದುಕೊಂಡು ಹೋಗಬಹುದು. ಆದರೂ ಅವರು ದೊಡ್ಡ ಗುಂಡಿಯ ಮುಚ್ಚಳಕ್ಕೊಂದು ಬೀಗ ಹಾಕಿಸಿದ್ದಾರೆ.

ಚರ್ಚಿನ ಕೆಲಸ ಮುಗಿದ ದಿನ ಒಂದು ಕಲ್ಲು ಹಾಕಿಸಿ ಅಪ್ಪ ಮಗಳ ಹೆಸರು ಕೊರೆಸಬೇಕು ಎಂಬುದು ಫಾದರ್ ಚೌರಪ್ಪನವರ ಆಸೆ. ಆ ಮಾತು ಎತ್ತಿದರೆ ಪ್ರೇಮಲೀಲಾ ಸಾರುವೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ ನೋಡುತ್ತಾರೆ.

"ಕಲ್ಲು ಗಿಲ್ಲು ಯಾಕೆ? ನೂರು ವರ್ಷ ಆದ್ಮೇಲೆ ಯಾರೋ ಒಬ್ರು ಬಂದು ಈ ಗೋಡೆ ಕೆರೀತಾರಲ್ಲ, ಅವ್ರಿಗೆ ಎರಡು ನೀಲಿ ಸಿಗುತ್ತೆ. ಇದೇನಪ್ಪ ಇದು ಅಂತ ಅವ್ರೂ ತಲೆ ಕೆರ್ಕೊಳ್ಲಿ. ಒಂದು ಯಾರ್ದು ಅಂತ ನಂಗೂ ಗೊತ್ತಿಲ್ಲ. ಇನ್ನೊಂದು ನಮ್ಮಪ್ಪಂದು."